ಎರೆನೆಲದ ಹಾದಿ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಕಪ್ಪು ಎರೆಮಣ್ಣಿನ ಮೇಲೆ ಬಿದ್ದಿರುವ ಬಂಡಿದಾರಿ, ಹೊಲದ ದಾರಿ, ಹಳ್ಳ ದಾಟುವ ದಾರಿಗಳನ್ನೂ ಅವುಗಳ ಮೇಲೆ ಗಾಡಿ ನಡೆಸುವ ಬಗೆಯನ್ನೂ ಕುರಿತ ಲೇಖನವಿದು. ಕಠಿಣವಾದ ದಾರಿ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಆಗುಂಬೆ, ಚಾರ್ಮಾಡಿ, ಶಿರಾಡಿಯಂಥ ಘಾಟಿಗಳು. ಹೊರನಾಡು ಸುತ್ತಿದವರಿಗೆ ಲಡಾಖಿನ ಕಣಿವೆದಾರಿ, ರಾಜಸ್ಥಾನದ ಮರಳು. ಆಳಂದ ಸೀಮೆಯಲ್ಲಿ ಅಂಥ ಎತ್ತರವೂ ಇಲ್ಲ, ಮರಳುಗಾಡೂ ಇಲ್ಲ. ಕಣ್ಣು ಹಾಯುವಷ್ಟು ದೂರ ಬಯಲು, ನಡುನಡುವೆ ಕಲ್ಲುಮಡ್ಡಿ, ತಗ್ಗಿನಲ್ಲಿ ಹಳ್ಳ. ಆದರೂ ಮಳೆಗಾಲದ ಒಂದು ಮುಂಜಾನೆ ಇಲ್ಲಿನ ಎರಡು ಕಿಲೋಮೀಟರ್ ಹೊಲದ ದಾರಿ ದಾಟುವುದು ಎಷ್ಟೋ ಘಾಟಿಗಳನ್ನು ಹತ್ತಿಳಿಯುವುದಕ್ಕಿಂತ ಕಷ್ಟ. ಘಾಟಿಯಲ್ಲಿ ದಾರಿ ಕಡಿದಾದರೂ ಗಾಲಿಯ ಕೆಳಗೆ ಗಟ್ಟಿ ನೆಲವಿರುತ್ತದೆ. ಎರೆಯಲ್ಲಿ ನೆಲವೇ ಕೈಬಿಡುತ್ತದೆ.

ಆಳಂದ ಮತ್ತು ಜೇವರ್ಗಿ ಪಟ್ಟಣಗಳು ಕಲಬುರಗಿಯಿಂದ ಸುಮಾರು 40 ಕಿ.ಮೀ. ದೂರದಲ್ಲಿವೆ, ಆಳಂದ ವಾಯವ್ಯಕ್ಕೆ, ಜೇವರ್ಗಿ ದಕ್ಷಿಣಕ್ಕೆ. ಅಫಜಲಪುರ ಪಶ್ಚಿಮಕ್ಕಿದೆ. ಆಳಂದದ ಗಡಿ ಮಹಾರಾಷ್ಟ್ರದ ಅಕ್ಕಲಕೋಟೆ, ಉಮರ್ಗಾ ಕಡೆಗೆ ತಾಗುತ್ತದೆ. ಅಫಜಲಪುರದ ಅಂಚಿನಲ್ಲಿ ಭೀಮಾ ನದಿ ಹರಿಯುತ್ತದೆ. ಜೇವರ್ಗಿಯಿಂದ ಕಲಬುರಗಿಗೆ ಬರಬೇಕಾದರೆ ಕಟ್ಟಿಸಂಗಾವಿಯ ಹತ್ತಿರ ಅದೇ ಭೀಮೆಯನ್ನು ದಾಟಬೇಕು. ಆಳಂದದಲ್ಲಿ ಹರಿಯುವ ಅಮರ್ಜಾ, ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಈ ಎರಡು ಹೊಳೆಗಳಿಗೆ ಬಂದು ಬೀಳುವ ಹೆಸರಿರುವ, ಹೆಸರಿಲ್ಲದ ನೂರಾರು ಹಳ್ಳಗಳೇ ಇಲ್ಲಿನ ದಾರಿಗಳ ಸ್ವಭಾವವನ್ನು ತೀರ್ಮಾನಿಸಿವೆ.

ಮಣ್ಣು

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಮೇಲೆ ಪದರಪದರವಾಗಿ ಹರಡಿದ ಲಾವಾ ತಣ್ಣಗಾಗಿ ಕರಿಕಲ್ಲಾಯಿತು. ಆ ಬಸಾಲ್ಟ್ ಶಿಲೆ ಸವೆದು ಸವೆದು ಆದದ್ದೇ ಎರೆಮಣ್ಣು. ಈ ಭಾಗದ ರೈತರು ಭೂಮಿಯನ್ನು ಎರಿ, ಮಸಾರಿ, ಮಡ್ಡಿ ಎಂದು ಬೇರೆ ಮಾಡಿ ಹೇಳುತ್ತಾರೆ. ಎರಿ ಎಂದರೆ ಆಳವಾದ ಕಪ್ಪು ಮಣ್ಣು. ಮಸಾರಿ ಕೆಂಪು ಛಾಯೆಯ ಹಗುರ ಮಣ್ಣು. ಮಡ್ಡಿ ಎಂದರೆ ಮೇಲೆ ಗೇಣುದ್ದವೂ ಮಣ್ಣಿಲ್ಲದ ಕಲ್ಲುನೆಲ. ಬೆಳೆಗೆ ಯಾವುದು ಮೇಲು ಎಂದು ಕೇಳಿದರೆ ಎರಿ ಎನ್ನುತ್ತಾರೆ, ದಾರಿಗೆ ಯಾವುದು ಮೇಲು ಎಂದರೆ ಮಡ್ಡಿ. ಹಳೆಯ ಬಂಡಿದಾರಿಗಳು ಆದಷ್ಟು ಮಡ್ಡಿಯ ಬೆನ್ನು ಹಿಡಿದು ಸುತ್ತುಬಳಸಿ ಹೋಗುವುದಕ್ಕೆ ಕಾರಣ ಇದೇ. ನಕಾಶೆಯ ಮೇಲೆ ಗೆರೆ ಎಳೆದು ನೇರ ದಾರಿ ಮಾಡಿದವರು ಆ ಸುತ್ತಿನ ಅರ್ಥವನ್ನು ಮೊದಲ ಮಳೆಗಾಲದಲ್ಲೇ ಕಲಿಯುತ್ತಾರೆ.

ಎರೆಯಲ್ಲಿರುವ ಜೇಡಿಯ ಮುಖ್ಯ ಅಂಶ ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜ. ಕಣ್ಣಿಗೆ ಕಾಣದಷ್ಟು ತೆಳುವಾದ ಹಾಳೆಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಇದರ ರಚನೆ. ನೀರು ಈ ಹಾಳೆಗಳ ನಡುವೆ ಸೇರಿಕೊಂಡು ಅವುಗಳನ್ನು ದೂರ ಸರಿಸುತ್ತದೆ, ಮಣ್ಣು ಉಬ್ಬುತ್ತದೆ. ಒಣಗಿದಾಗ ಹಾಳೆಗಳು ಮತ್ತೆ ಹತ್ತಿರ ಬರುತ್ತವೆ, ಮಣ್ಣು ಕುಗ್ಗಿ ಬಿರುಕು ಬಿಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊಲದಲ್ಲಿ ನಿಂತು ಬಿರುಕಿನೊಳಗೆ ಒಂದು ತೊಗರಿ ಕಡ್ಡಿ ಇಳಿಬಿಟ್ಟರೆ ಮೊಣಕೈವರೆಗೂ ಇಳಿಯುತ್ತದೆ. ಆಳವಾದ ಎರೆಯಲ್ಲಿ ಬಿರುಕು ಒಂದು ಮೀಟರಿನಷ್ಟು ಕೆಳಗೆ ಹೋಗುವುದುಂಟು. ಬೀಜ, ಸಣ್ಣ ಕಲ್ಲು, ಮೇಲಿನ ಹುಡಿಮಣ್ಣು ಅದರೊಳಗೆ ಬಿದ್ದು, ಮಳೆ ಬಂದಾಗ ಬಿರುಕು ಮುಚ್ಚಿಕೊಂಡು, ಕೆಳಗಿನದು ಮೇಲೆ ಮೇಲಿನದು ಕೆಳಗೆ ಆಗುತ್ತಿರುತ್ತದೆ. ತನ್ನನ್ನು ತಾನೇ ಉಳುಮೆ ಮಾಡಿಕೊಳ್ಳುವ ಭೂಮಿ ಎಂದು ಇದನ್ನು ಕರೆಯುವುದು ಅದಕ್ಕೇ.

ರಸ್ತೆ ಎಂಜಿನಿಯರರು ನೆಲದ ತಾಳಿಕೆಯನ್ನು ಸಿಬಿಆರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಳ್ಳೆಯ ಜಲ್ಲಿಯನ್ನು 100 ಎಂದಿಟ್ಟುಕೊಂಡರೆ ನೀರಲ್ಲಿ ನೆನೆದ ಎರೆಮಣ್ಣು ಸಾಮಾನ್ಯವಾಗಿ 2ರಿಂದ 4ರ ಒಳಗೆ ನಿಲ್ಲುತ್ತದೆ. ಅದೇ ಮಣ್ಣು ಒಣಗಿದಾಗ ಗುದ್ದಲಿ ಏಟಿಗೆ ಕಿಡಿ ಹಾರಿಸುವಷ್ಟು ಗಟ್ಟಿ. ಒಂದೇ ದಾರಿ, ಒಂದೇ ಗಾಡಿ, ಒಬ್ಬನೇ ಡ್ರೈವರ್. ಆರು ತಾಸಿನ ಮಳೆ ನಡುವೆ ಬಂದರೆ ಅದು ಬೇರೆಯೇ ದಾರಿ.

ಈ ಬಗೆಯ ಮಣ್ಣು ನಮ್ಮಲ್ಲಷ್ಟೇ ಇಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಮಳೆ ಬಿದ್ದರೆ ಕಪ್ಪುಮಣ್ಣಿನ ರಸ್ತೆಗಳನ್ನು ಮುಚ್ಚುತ್ತಾರೆ. ದಕ್ಷಿಣ ಸುಡಾನಿನಲ್ಲಿ ಮಳೆಗಾಲದ ಹಲವು ತಿಂಗಳು ಊರೂರುಗಳೇ ಲಾರಿಗಳಿಗೆ ಎಟುಕದೆ ಉಳಿಯುತ್ತವೆ. ಮರುಭೂಮಿಗಳಲ್ಲೂ ಜೇಡಿನೆಲದ ಮೇಲೆ ಅಪರೂಪಕ್ಕೊಮ್ಮೆ ಮಳೆ ಬಿದ್ದಾಗ ಗಾಡಿಗಳು ಹೂತುಹೋಗುವುದು ಹೀಗೆಯೇ.

ಹುದಲಿನಲ್ಲಿ ಗಾಡಿ

ವರ್ಷಕ್ಕೆ ಸರಾಸರಿ 700 ಮಿ.ಮೀ. ಆಸುಪಾಸು ಮಳೆ ಬೀಳುವ ಸೀಮೆ ಇದು. ಮಿರಗದ ಮಳೆಗೆ ಬಿತ್ತನೆ ಶುರುವಾದರೂ ಜೋರು ಮಳೆ ಸೆಪ್ಟೆಂಬರಿನಲ್ಲಿ, ಉತ್ತರಿ, ಹಸ್ತದ ಹೊತ್ತಿಗೆ. ದಾರಿ ಅತಿ ಕೆಡುವುದೂ ಆಗಲೇ.

ಮೊದಲ ಹನಿಗಳು ಬಿದ್ದಾಗ ದಾರಿ ಮೇಲುಮೇಲಕ್ಕೆ ಮಾತ್ರ ನೆನೆಯುತ್ತದೆ. ಕೆಳಗೆ ಗಟ್ಟಿ, ಮೇಲೆ ಒಂದು ಬೆರಳಿನಷ್ಟು ಜಾರು. ಬೈಕಿನವರು ಹೆಚ್ಚು ಬೀಳುವುದು ಈ ಹಂತದಲ್ಲಿ. ಮಳೆ ಹಿಡಿದು ಬಿದ್ದರೆ ಜಾರು ಹೋಗಿ ಅಂಟು ಬರುತ್ತದೆ, ಇದೇ ಹುದಲು, ಇನ್ನೂ ಕೆಟ್ಟದ್ದು. ನಡೆಯುವವನ ಚಪ್ಪಲಿಗೆ ಹೆಜ್ಜೆಹೆಜ್ಜೆಗೂ ಮಣ್ಣು ಹತ್ತಿ, ಹತ್ತು ಮಾರು ನಡೆಯುವಷ್ಟರಲ್ಲಿ ಕಾಲಿಗೆ ಬೀಸುವ ಕಲ್ಲು ಕಟ್ಟಿದಂತಾಗುತ್ತದೆ. ಜನ ಚಪ್ಪಲಿ ಕೈಗೆ ತೆಗೆದುಕೊಂಡು ಬರಿಗಾಲಲ್ಲಿ ಹೋಗುತ್ತಾರೆ. ಬೈಕಿನ ಮುಂದಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಎರೆ ತುಂಬಿ ಗಾಲಿಯೇ ತಿರುಗದೆ ನಿಲ್ಲುತ್ತದೆ. ಸವಾರ ಇಳಿದು ಬೇಲಿಯ ಜಾಲಿಯಿಂದ ಒಂದು ಕೋಲು ಮುರಿದು, ಗಾಲಿ ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಕೆರೆಯುತ್ತಾನೆ. ಬರುವ ಮಣ್ಣು ಉಂಡೆಯಾಗಿ ಬೀಳುವುದಿಲ್ಲ, ಕಬ್ಬಿಣಕ್ಕೆ ಹಚ್ಚಿದ ಬೆಲ್ಲದ ಪಾಕದಂತೆ ಎಳೆಎಳೆಯಾಗಿ ಬರುತ್ತದೆ. ಐವತ್ತು ಮಾರು ಹೋಗಿ ಮತ್ತೆ ಅದೇ ಕೆಲಸ. ಮಳೆಗಾಲಕ್ಕೆ ಮುಂಚೆ ಮುಂದಿನ ಮಡ್‌ಗಾರ್ಡನ್ನೇ ಬಿಚ್ಚಿ ಮನೆಯಲ್ಲಿಡುವವರೂ ಇದ್ದಾರೆ.

ಟ್ರ್ಯಾಕ್ಟರಿನ ಕಥೆ ಸ್ವಲ್ಪ ಬೇರೆ. ಹಿಂದಿನ ದೊಡ್ಡ ಟೈರಿನ ಹಲ್ಲುಗಳು ನೆಲವನ್ನು ಕಚ್ಚಿಕೊಂಡಿರುವವರೆಗೆ ಅದು ನಡೆಯುತ್ತದೆ. ಹಲ್ಲಿನ ಸಂದಿಯಲ್ಲಿ ಎರೆ ತುಂಬಿಕೊಂಡ ಮೇಲೆ ಟೈರು ಬೋಳಾದಂತೆಯೇ. ಆಗ ಎಂಜಿನ್ನಿಗೆ ಎಷ್ಟು ಬಲವಿದ್ದರೂ ಗಾಲಿ ನಿಂತಲ್ಲೇ ಗಿರಗಿರ ತಿರುಗಿ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಅನುಭವಸ್ಥ ಡ್ರೈವರ್ ಸಣ್ಣ ಗೇರಿನಲ್ಲಿ, ರೇಸ್ ಏರಿಳಿಸದೆ, ನಿಲ್ಲದೆ ಹೋಗುತ್ತಾನೆ. ಹಿಂದಿನ ಬಂಡಿಜಾಡು ಆಳವಾಗಿದ್ದರೆ ಅದನ್ನು ಬಿಟ್ಟು ಪಕ್ಕದ ಹುಲ್ಲಿನ ಬದುವಿನ ಮೇಲೆ ಒಂದು ಗಾಲಿ ಹಾಕುತ್ತಾನೆ, ಏಕೆಂದರೆ ಹುಲ್ಲಿನ ಬೇರು ಮಣ್ಣನ್ನು ಹಿಡಿದಿರುತ್ತದೆ. ಒಂದು ಗಾಲಿ ಮಾತ್ರ ತಿರುಗತೊಡಗಿದರೆ ಕಾಲ ಹತ್ತಿರದ ಪೆಡಲ್ ಒತ್ತಿ ಡಿಫರೆನ್ಶಿಯಲ್ ಲಾಕ್ ಹಾಕುತ್ತಾನೆ, ಎರಡೂ ಗಾಲಿ ಒಟ್ಟಿಗೆ ತಿರುಗುತ್ತವೆ. ಆ ಲಾಕ್ ಹಾಕಿದಾಗ ಸ್ಟೇರಿಂಗ್ ತಿರುಗಿಸಬಾರದು, ಗಟ್ಟಿ ನೆಲ ಸಿಕ್ಕ ಕೂಡಲೇ ಬಿಡಬೇಕು.

ಗಾಡಿ ಕೂತೇಬಿಟ್ಟರೆ ಮೊದಲು ಮಾಡಬೇಕಾದದ್ದು ರೇಸ್ ನಿಲ್ಲಿಸುವುದು. ಸುತ್ತಲಿನವರು ಕೂಗುವುದೂ ಅದನ್ನೇ: “ರೇಸ್ ಮಾಡಬ್ಯಾಡ ತಮ್ಮಾ, ಹಿಂದಕ್ಕ ತಗಿ!” ಬಂದ ದಾರಿ ಒಮ್ಮೆ ಗಾಡಿಯನ್ನು ಹೊತ್ತಿದೆ, ಮುಂದಿನದು ಹೊರುತ್ತದೆಂಬ ಖಾತ್ರಿಯಿಲ್ಲ, ಹಿಂದಕ್ಕೆ ತೆಗೆಯುವುದೇ ಸರಿ. ಹಿಂದಕ್ಕೂ ಬಾರದಿದ್ದರೆ ಟ್ರೇಲರಿನ ಕೊಂಡಿ ಬಿಚ್ಚಿ ಟ್ರ್ಯಾಕ್ಟರನ್ನು ಮಾತ್ರ ಹೊರಗೆ ತಂದು, ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಸರಪಳಿ ಹಾಕಿ ಟ್ರೇಲರನ್ನು ಎಳೆಯುತ್ತಾರೆ. ಗಾಲಿಯ ಕೆಳಗೆ ಹಾಕಲು ಕಲ್ಲಿಗಿಂತ ತೊಗರಿ ಕಟ್ಟಿಗೆ ಮೇಲು. ಕಲ್ಲು ಎರೆಯೊಳಗೆ ಮುಳುಗುತ್ತದೆ, ತೊಗರಿ ಕಟ್ಟಿಗೆಯ ಸಿಬರು ಒಂದಕ್ಕೊಂದು ಹೆಣೆದುಕೊಂಡು ಚಾಪೆಯಂತೆ ಭಾರವನ್ನು ಹಂಚುತ್ತದೆ. ತೊಗರಿಯ ನಾಡಿನಲ್ಲಿ ಅದಕ್ಕೆ ಬರವಿಲ್ಲ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ರುಚಿಗಾಗಿ. ಅದರ ಒಣಕಟ್ಟಿಗೆ ಒಲೆಗೆ, ಗುಡಿಸಲ ಗೋಡೆಗೆ, ಹುದಲಲ್ಲಿ ಸಿಕ್ಕ ಗಾಲಿಗೆ ಬರುವುದನ್ನೂ ಇಲ್ಲಿ ಬರೆದಿಡಬೇಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಹೂತ ಹಿಂದಿನ ಗಾಲಿಗೆ ಅಡ್ಡಲಾಗಿ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಎಬ್ಬಿಸುವ ಉಪಾಯ ಕೆಲವರಲ್ಲಿದೆ. ಗಾಲಿ ತಿರುಗಲಾಗದೆ ಸಿಕ್ಕಿಬಿದ್ದಾಗ ಎಂಜಿನ್ನಿನ ಬಲವೆಲ್ಲ ಟ್ರ್ಯಾಕ್ಟರಿನ ಮೈಯನ್ನೇ ಅಚ್ಚಿನ ಸುತ್ತ ತಿರುಗಿಸುತ್ತದೆ. ಮುಂದಿನ ಗಾಲಿಗಳು ಮೇಲೆದ್ದು, ಕಣ್ಣುಮುಚ್ಚಿ ತೆಗೆಯುವುದರೊಳಗೆ ಟ್ರ್ಯಾಕ್ಟರ್ ಡ್ರೈವರನ ಮೇಲೆ ಮಗುಚಿಕೊಳ್ಳಬಹುದು. ಸರಪಳಿಯನ್ನು ಕೊಂಡಿಗೆ ಹಾಕದೆ ಎತ್ತರದಲ್ಲಿ ಕಟ್ಟಿ ಎಳೆದಾಗಲೂ ಇದೇ ಅಪಾಯ. ಕಬ್ಬಿನ ಕಾಲದಲ್ಲಿ ಎರಡೆರಡು ಟ್ರೇಲರ್ ಹಚ್ಚಿಕೊಂಡು ಹೊಲದಿಂದ ಏರು ಹತ್ತುವಾಗ ಮುಂದಿನ ಗಾಲಿಗಳು ನೆಲ ಬಿಟ್ಟು ಏಳುವುದನ್ನು ಆಳಂದ, ಅಫಜಲಪುರದ ಸಕ್ಕರೆ ಕಾರ್ಖಾನೆಗಳ ದಾರಿಯಲ್ಲಿ ನೋಡಿದವರಿಗೆ ಇದು ಅತಿಶಯೋಕ್ತಿ ಅನ್ನಿಸುವುದಿಲ್ಲ. ಆ ಸಾಹಸಕ್ಕೆ ಸುತ್ತ ನಿಂತು ಸಿಳ್ಳೆ ಹೊಡೆಯುವುದು ನಿಲ್ಲಬೇಕು.

ಮಳೆ ನಿಂತು ಎರಡು ದಿನ ಬಿಸಿಲು ಬಿದ್ದರೆ ಮೇಲೆ ಬೂದುಬಣ್ಣದ ಹಕ್ಕಳೆ ಕಟ್ಟುತ್ತದೆ. ಹೊಸಬರು ಮೋಸಹೋಗುವುದು ಇಲ್ಲಿ. ಹಕ್ಕಳೆಯ ಕೆಳಗೆ ಹುದಲು ಹಾಗೆಯೇ ಇರುತ್ತದೆ. ಹಿಮ್ಮಡಿಯಿಂದ ಒತ್ತಿ ನೋಡಿ, ನೀರು ಒಸರಿದರೆ ಇನ್ನೊಂದು ದಿನ ತಡೆಯುವುದು ಊರವರ ರೂಢಿ. ಪೂರ್ತಿ ಒಣಗಿದ ಮೇಲೆ ಬೇರೆ ತೊಂದರೆ: ಕೊನೆಯ ಮಳೆಯಲ್ಲಿ ಯಾರದೋ ಟ್ರ್ಯಾಕ್ಟರ್ ಬಿಟ್ಟುಹೋದ ಜಾಡು, ಓಡಾಟ ಕಡಿಮೆಯಿರುವ ದಾರಿಯಲ್ಲಿ ಬೇಸಿಗೆಯವರೆಗೂ ಹಾಗೆಯೇ ಗಟ್ಟಿಯಾಗಿ ಉಳಿಯುತ್ತದೆ. ಕಾರು, ಟಂಟಂಗಳ ಹೊಟ್ಟೆ ನಡುವಿನ ದಿಬ್ಬಕ್ಕೆ ಹತ್ತಿ, ಗಾಲಿಗಳು ಗಾಳಿಯಲ್ಲಿ ತಿರುಗುತ್ತವೆ.

ಹಳ್ಳ

ಹಳ್ಳಕ್ಕೆ ಇಳಿಯುವ ಇಳಿಜಾರು, ಆಚೆ ಏರುವ ಏರು, ಇವೇ ಈ ನಾಡಿನ ಘಾಟಿ. ಹೆಚ್ಚು ಕಡೆ ನೀರು ಮೇಲಿಂದಲೇ ಹರಿದುಹೋಗುವಂಥ ತಗ್ಗುಸೇತುವೆಗಳಿವೆ, ಹೊಲದ ದಾರಿಗಳಲ್ಲಿ ಅದೂ ಇಲ್ಲ. ಹಳ್ಳ ತುಂಬಿದಾಗ ದಡದಲ್ಲಿ ನಡೆಯುವ ಮಾತು ಇಷ್ಟೇ:

“ಕಾಕಾ, ಹಳ್ಳ ಇಳದದೇನ್ರಿ?”

“ಇನ್ನ ಎರಡ ತಾಸ ತಡಿ ತಮ್ಮಾ. ಮ್ಯಾಲ ಮಳಿ ಹೊಡದದ.”

ಈ ಎರಡು ತಾಸಿನ ಲೆಕ್ಕ ಊಹೆಯಲ್ಲ. ಎರೆನೆಲ ಒಮ್ಮೆ ನೆನೆದು ಬಿರುಕು ಮುಚ್ಚಿಕೊಂಡರೆ ನೀರನ್ನು ಒಳಗೆ ಬಿಡುವುದಿಲ್ಲ. ಬಿದ್ದ ಮಳೆಯೆಲ್ಲ ಹಳ್ಳಕ್ಕೆ ಓಡುತ್ತದೆ. ಹಾಗಾಗಿ ಹಳ್ಳ ಬೇಗ ಏರುತ್ತದೆ, ಮೇಲೆ ಮಳೆ ನಿಂತರೆ ಬೇಗ ಇಳಿಯುತ್ತದೆ. ನಿಂತವನ ತಲೆ ಮೇಲೆ ಬಿಸಿಲಿದ್ದರೂ ಮೂರು ಹರದಾರಿ ಮೇಲೆ ಮೋಡ ಕಪ್ಪಾಗಿದ್ದರೆ ನೀರು ಬರುತ್ತಲೇ ಇರುತ್ತದೆ. ನೀರಿನ ಬಣ್ಣ, ತೇಲಿಬರುವ ಕಸ, ದಡದ ಕಲ್ಲಿನ ಮೇಲಿನ ಒದ್ದೆಗೆರೆ ನೋಡಿ ಹಿರಿಯರು ಹೇಳುತ್ತಾರೆ. ಕಸ ತೇಲಿ ಬರುತ್ತಿರುವವರೆಗೆ ಹಳ್ಳ ಏರುತ್ತಿದೆ ಎಂದೇ ಅರ್ಥ. ಹರಿಯುವ ನೀರು ಒಂದು ಅಡಿಯಷ್ಟಿದ್ದರೂ ಸಣ್ಣ ಕಾರನ್ನು ತೇಲಿಸಬಲ್ಲದು, ಎರಡು ಅಡಿಯಾದರೆ ಜೀಪು, ಕ್ರೂಸರಿನಂಥ ದೊಡ್ಡ ಗಾಡಿಗಳೂ ನಿಲ್ಲುವುದಿಲ್ಲ. ಕರ್ನಾಟಕದಲ್ಲಿ ಪ್ರತಿ ಮಳೆಗಾಲವೂ ಹಳ್ಳದಲ್ಲಿ ಕೊಚ್ಚಿಹೋದ ಗಾಡಿಗಳ ಸುದ್ದಿ ಬರುತ್ತದೆ. ಅವುಗಳಲ್ಲಿ ಎಷ್ಟೋ ಎರಡು ತಾಸು ಕಾಯದ್ದರಿಂದ ಆದವು.

ಭೀಮೆಯ ದಡದ್ದು ಇದಕ್ಕಿಂತ ದೊಡ್ಡ ಲೆಕ್ಕ. ಅಲ್ಲಿ ನೀರು ಬರುವುದು ಸ್ಥಳೀಯ ಮಳೆಯಿಂದಷ್ಟೇ ಅಲ್ಲ, ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟಾಗಲೂ ಬರುತ್ತದೆ. ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನ ಗೇಟುಗಳತ್ತ ನದಿದಡದ ಊರುಗಳು ಕಣ್ಣಿಟ್ಟಿರುತ್ತವೆ. 2020ರ ಅಕ್ಟೋಬರಿನಲ್ಲಿ ಸ್ಥಳೀಯ ಮಳೆ, ಉಜನಿಯ ನೀರು ಎರಡೂ ಒಟ್ಟಿಗೆ ಬಂದು ಅಫಜಲಪುರ, ಜೇವರ್ಗಿ ಕಡೆಯ ಅನೇಕ ಊರುಗಳು ಜಲಾವೃತವಾದವು. ಗಾಣಗಾಪುರದ ಸಂಗಮಕ್ಕೆ, ಘತ್ತರಗಿಯ ಭಾಗ್ಯವಂತಿ ಗುಡಿಗೆ ಬರುವ ಭಕ್ತರು ಇಂಥ ದಿನಗಳಲ್ಲಿ ದಾರಿಯಲ್ಲೇ ಉಳಿಯಬೇಕಾಗುತ್ತದೆ.

ಎತ್ತು, ಗಾಲಿ

ಟ್ರ್ಯಾಕ್ಟರ್ ಬರುವ ಮುಂಚೆ ಎರೆಯನ್ನು ಗೆದ್ದದ್ದು ಎತ್ತು. ಎತ್ತಿನ ಗೊರಸು ಎರಡು ಹೋಳು. ಕೆಸರಿನಲ್ಲಿ ಊರಿದಾಗ ಹೋಳುಗಳು ಅಗಲಿ ಭಾರ ಹರಡುತ್ತವೆ, ಎತ್ತಿದಾಗ ಕೂಡಿಕೊಂಡು ಸಲೀಸಾಗಿ ಹೊರಬರುತ್ತವೆ. ಕುದುರೆಯ ಒಂಟಿ ಗೊರಸಿಗೆ ಈ ಅನುಕೂಲವಿಲ್ಲ. ಎರೆನೆಲಕ್ಕೆಂದೇ ಬೆಳೆಸಿದ ತಳಿ ಕೃಷ್ಣಾ ಕಣಿವೆಯದು: ಸಾಂಗಲಿ, ಮೀರಜದ ಸಂಸ್ಥಾನಿಕರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗೀರ್, ಓಂಗೋಲು, ಕಾಂಕ್ರೇಜ ಮುಂತಾದವುಗಳನ್ನು ಸ್ಥಳೀಯ ದನಗಳೊಂದಿಗೆ ಬೆರೆಸಿ ತಂದದ್ದು. ನಿಧಾನ, ಆದರೆ ಎಳೆತಕ್ಕೆ ಎದೆಗುಂದದ ಎತ್ತು. ಈಗ ಅದು ಅಪರೂಪವಾಗಿದೆ. ಈ ಭಾಗದಲ್ಲಿ ಹೆಚ್ಚು ಕಾಣುವುದು ಚುರುಕಿನ ಖಿಲಾರಿ, ಬೀದರ ಕಡೆಯ ದೇವಣಿ.

ಹಳೆಯ ಚಕ್ಕಡಿಯ ಮರದ ಗಾಲಿ ಆಳೆತ್ತರಕ್ಕೆ ಹತ್ತಿರ ಇರುತ್ತಿತ್ತು, ಸುತ್ತ ಕಬ್ಬಿಣದ ಹಳಿ. ಗಾಲಿ ದೊಡ್ಡದಾದಷ್ಟೂ ಗುಂಡಿಯಿಂದ ಏಳುವುದು ಹಗುರ. ಆದರೆ ಹಳಿ ತೆಳು, ಅದು ದಾರಿಯನ್ನು ಕೊಯ್ಯುತ್ತಿತ್ತು. ಒಂದೇ ಜಾಡಿನಲ್ಲಿ ನೂರು ಬಂಡಿ ಹೋದ ಮೇಲೆ ದಾರಿ ಹೊಲಕ್ಕಿಂತ ತಗ್ಗಾಗಿ ನೀರಿನ ಕಾಲುವೆಯಾಗುತ್ತಿತ್ತು. ಈಗಲೂ ಎಷ್ಟೋ ಹಳೆಯ ಬಂಡಿದಾರಿಗಳು ಎರಡೂ ಬದಿಯ ಹೊಲಗಳಿಗಿಂತ ಮೊಳದುದ್ದ ಕೆಳಗಿವೆ. ರಬ್ಬರ್ ಗಾಲಿಯ ಡನ್‌ಲಪ್ ಗಾಡಿ ಬಂದಾಗ ಡಾಂಬರಿನ ಮೇಲೆ ಎತ್ತಿಗೆ ಬಹಳ ಸುಖವಾಯಿತು, ಹುದಲಿನಲ್ಲಿ ಅದರ ಗಿಡ್ಡಗಾಲಿ ಬೇಗ ಹೂಳಿತು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಸುಧಾರಣೆಗಾಗಿ ವರ್ಷಾನುಗಟ್ಟಲೆ ದುಡಿದರು. ಭಾರ ಎತ್ತಿನ ಕುತ್ತಿಗೆಯ ಮೇಲೆ ಬೀಳದಂತೆ ಮಾಡಬೇಕೆಂಬುದು ಅವರ ಕಾಳಜಿಯಾಗಿತ್ತು. ಆ ಕೆಲಸಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಗಲಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಹಿಂದಿನ ದಾರಿಗಳು

1347ರಲ್ಲಿ ಬಹಮನಿ ರಾಜ್ಯಕ್ಕೆ ಕಲಬುರಗಿ ರಾಜಧಾನಿಯಾಯಿತು. ರಾಜಧಾನಿಯ ದವಸ, ಉಪ್ಪು, ಬಟ್ಟೆ ಈ ಎರೆಬಯಲನ್ನು ದಾಟಿಯೇ ಬರಬೇಕಿತ್ತು. ದಖ್ಖನಿನಲ್ಲಿ ದೂರದ ಸಾಗಾಟ ಬಹುಕಾಲ ಬಂಡಿಗಳಿಗಿಂತ ಹೇರೆತ್ತುಗಳ ಮೇಲೆ ನಡೆದದ್ದಕ್ಕೆ ಈ ಮಣ್ಣೂ ಒಂದು ಕಾರಣ. ಗಾಲಿ ಹೂಳುವಲ್ಲಿ ಗೊರಸು ದಾಟುತ್ತದೆ. ಬಂಜಾರರು ಸಾವಿರಾರು ಎತ್ತುಗಳ ಸಾಲು ಹೊಡೆದುಕೊಂಡು ದಂಡಿಗೆ ದವಸ, ಊರಿಗೆ ಉಪ್ಪು ಮುಟ್ಟಿಸಿದರು. ಆಳಂದ, ಜೇವರ್ಗಿ ಸುತ್ತಲಿನ ತಾಂಡಾಗಳಲ್ಲಿ ಅವರ ಸಂತತಿಯವರಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದು ಆ ವೃತ್ತಿಯನ್ನು ಮುಗಿಸಿತು. ಮುಂಬಯಿ–ಮದ್ರಾಸು ಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಿತು, ಅಫಜಲಪುರ ತಾಲ್ಲೂಕಿನ ಜನಕ್ಕೆ ಗಾಣಗಾಪುರ ರೋಡ್ ನಿಲ್ದಾಣ ಸಿಕ್ಕಿತು. ನಿಜಾಮರ ಆಡಳಿತ 1948ರಲ್ಲಿ ಮುಗಿದು, 1956ರ ನವೆಂಬರ್ 1ರಂದು ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿದಾಗಲೂ ಹೆಚ್ಚಿನ ಹಳ್ಳಿಗಳಿಗೆ ವರ್ಷವಿಡೀ ಬಳಸುವ ದಾರಿ ಇರಲಿಲ್ಲ.

ಈಗ ವಾಗ್ದರಿ–ರಿಬ್ಬನಪಲ್ಲಿ ರಾಜ್ಯ ಹೆದ್ದಾರಿ ಆಳಂದವನ್ನು ಕಲಬುರಗಿಗೆ ಜೋಡಿಸುತ್ತದೆ, ರಾಷ್ಟ್ರೀಯ ಹೆದ್ದಾರಿ 50 ಜೇವರ್ಗಿಯ ಮೂಲಕ ವಿಜಯಪುರದತ್ತ ಹೋಗುತ್ತದೆ. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಿಂದ ಎಷ್ಟೋ ಹಳ್ಳಿಗಳಿಗೆ ಡಾಂಬರು ಬಂತು. ಎರೆಯ ಮೇಲೆ ರಸ್ತೆ ನಿಲ್ಲಿಸುವ ಗುಟ್ಟು ಮೇಲಿನ ಡಾಂಬರಿನಲ್ಲಿಲ್ಲ, ಕೆಳಗಿನ ಮುರುಮಿನಲ್ಲಿ, ಅಂದರೆ ಗರಸುಮಣ್ಣಿನಲ್ಲಿದೆ. ದಾರಿಯನ್ನು ಹೊಲಕ್ಕಿಂತ ಎತ್ತರಿಸಿ, ಮೇಲಿನ ಎರೆ ತೆಗೆದು ಅಥವಾ ಅದಕ್ಕೆ ಸುಣ್ಣ ಬೆರೆಸಿ, ದಪ್ಪನಾಗಿ ಮುರುಮು ಹಾಕಿ ಅದುಮಿ, ಎರಡೂ ಬದಿ ನೀರು ಹೋಗಲು ಚರಂಡಿ ತೋಡಬೇಕು. ಸುಣ್ಣ ಬೆರೆತ ಜೇಡಿ ಉಬ್ಬುವ ಗುಣವನ್ನು ಬಹುಮಟ್ಟಿಗೆ ಬಿಡುತ್ತದೆ. ಚರಂಡಿಯನ್ನು ಉಳಿಸಿಕೊಳ್ಳದಿದ್ದರೆ ಮಿಕ್ಕದ್ದೆಲ್ಲ ವ್ಯರ್ಥ: ಅಂಚಿನಿಂದ ನೀರು ಒಳಸೇರಿ, ಅಂಚು ಉಬ್ಬಿ ಕುಗ್ಗಿ, ಡಾಂಬರು ಉದ್ದುದ್ದ ಸೀಳುತ್ತದೆ. ಒಕ್ಕಲಿಗ ತನ್ನ ಹೊಲಕ್ಕೆ ಗಾಡಿ ಇಳಿಸಲು ಆ ಚರಂಡಿಗೇ ಮಣ್ಣು ತುಂಬುತ್ತಾನೆ, ಅವನಿಗೂ ಬೇರೆ ದಾರಿ ಇರುವುದಿಲ್ಲ. ಅಲ್ಲೊಂದು ಪೈಪು ಹಾಕಿಕೊಡುವುದು ರಸ್ತೆ ಮಾಡುವವರ ಹೊಣೆ.

ಊರಿಂದ ಹೊಲಕ್ಕೆ ಹೋಗುವ ದಾರಿಗೆ ಉದ್ಯೋಗ ಖಾತ್ರಿಯಡಿ ‘ನಮ್ಮ ಹೊಲ ನಮ್ಮ ದಾರಿ’ ಎಂಬ ಹೆಸರಿನಲ್ಲಿ ಕೆಲಸ ನಡೆದಿದೆ. ಮುರುಮು ಬಿದ್ದ ದಾರಿಗಳಲ್ಲಿ ಮಳೆಗಾಲದಲ್ಲೂ ಟ್ರ್ಯಾಕ್ಟರ್ ಹೋಗುತ್ತದೆ. ಆದರೆ ಮುರುಮಿಗಿಂತ ಮೊದಲು ಜಾಗ ಬೇಕು. ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಎಂದು ಗುರುತಾಗಿರುವ ಕಡೆ ಎರಡೂ ಬದಿಯವರು ವರ್ಷಕ್ಕೊಂದು ಸಾಲಿನಂತೆ ಉಳುತ್ತ ಬಂದು ದಾರಿ ಕಾಲುದಾರಿಯಾಗಿರುವುದು ಸಾಮಾನ್ಯ. ನಕಾಶೆಯಲ್ಲಿಲ್ಲದೆ ಬರೀ ರೂಢಿಯಿಂದ ನಡೆದುಬಂದ ದಾರಿಗೆ 1882ರ ಈಸ್‌ಮೆಂಟ್ ಕಾಯ್ದೆಯೇ ಆಸರೆ. ಅಣ್ಣತಮ್ಮಂದಿರು ಪಾಲಾದಾಗ ಹಿಂದಿನ ಹೊಲದವನಿಗೆ ದಾರಿ ಬಿಡುವುದನ್ನು ಪಾಲುಪತ್ರದಲ್ಲೇ ಬರೆಸುವುದು ಒಳ್ಳೆಯದು. ಆ ಒಂದು ಸಾಲು ಇಲ್ಲದೆ ಮಾತು ಬಿಟ್ಟ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ.

ದಾರಿ ಕೆಟ್ಟಾಗ ಹೆಚ್ಚು ಬೆಲೆ ತೆರುವವರು ಹೊಲದಲ್ಲೇ ಮನೆ ಮಾಡಿಕೊಂಡವರು, ತಾಂಡಾದವರು. 108ರ ಆಂಬುಲೆನ್ಸ್ ಡಾಂಬರಿನ ಕೊನೆಗೆ ಬಂದು ನಿಲ್ಲುತ್ತದೆ. ಅಲ್ಲಿಯವರೆಗೆ ಬಸುರಿಯನ್ನು ಟ್ರ್ಯಾಕ್ಟರಿನಲ್ಲೋ, ಅದೂ ಹೂತರೆ ಹೊರಸಿನ ಮೇಲೋ ತರಬೇಕು.

ಇದೇ ದಾರಿ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ವರ್ಷದಲ್ಲೇ ಅತಿ ಚೆನ್ನಾಗಿರುತ್ತದೆ. ಡಿಸೆಂಬರ್ ಕೊನೆ, ಜನವರಿ ಮೊದಲು. ಎರೆ ಒಣಗಿದೆ, ಇನ್ನೂ ಬಿರುಕು ಬಿಟ್ಟಿಲ್ಲ, ಮಳೆಗಾಲದ ಜಾಡುಗಳು ಗಾಲಿಗಳಡಿ ಪುಡಿಯಾಗಿ ಮೆತ್ತಗಾಗಿವೆ. ಬಿಳಿಜೋಳ ತೆನೆ ಹೊಡೆದು ಆಳುದ್ದ ನಿಂತಿದೆ, ಕಡಲೆ ಮೊಳದುದ್ದ ಹಬ್ಬಿದೆ. ಎತ್ತಿನ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಬಜ್ಜಿಪಲ್ಯ, ಕಡಬು, ಅಂಬಲಿಯ ಗಡಿಗೆಗಳನ್ನು ಗಾಡಿಯ ನಡುವೆ ಹುಲ್ಲಿನ ಸಿಂಬಿಯ ಮೇಲಿಟ್ಟು, ಸುತ್ತ ಮಕ್ಕಳನ್ನು ಕೂರಿಸಿಕೊಂಡು ಇಡೀ ಊರು ಹೊಲಕ್ಕೆ ಹೊರಡುತ್ತದೆ. ಕಲಬುರಗಿ, ಪುಣೆ, ಬೆಂಗಳೂರಿಗೆ ದುಡಿಯಲು ಹೋದವರು ಕಾರು ತಂದು, ಮೂರು ತಿಂಗಳ ಹಿಂದೆ ಟ್ರ್ಯಾಕ್ಟರ್ ಹೂತಿದ್ದ ಅದೇ ತಗ್ಗಿನಲ್ಲಿ ಸಲೀಸಾಗಿ ಇಳಿದು ಬನ್ನಿಗಿಡದ ನೆರಳಿಗೆ ಗಾಡಿ ನಿಲ್ಲಿಸುತ್ತಾರೆ. ಗಾಲಿಯ ಹಿಂದೆ ಏಳುವ ಕಪ್ಪು ಹುಡಿ ಜೋಳದ ಎಲೆಯ ಮೇಲೆ ನಿಧಾನವಾಗಿ ಕೂರುತ್ತದೆ.